ಚೆಂದದ ಚಿತ್ರ ಬೇರೆ, ಅಳತೆಯ ಚಿತ್ರ ಬೇರೆ

ಮಗುವಿನ ಮುಖ ಕಂಡರೆ ಸಾಕು, ಮನೆಯವರ ಪಾಲಿಗೆ ಅದು ಒಳ್ಳೆಯ ಸ್ಕ್ಯಾನ್. ಸ್ಕ್ಯಾನ್ ಮಾಡುವ ವೈದ್ಯರ ಲೆಕ್ಕವೇ ಬೇರೆ. ಗರ್ಭದ 11 ವಾರದಿಂದ 13 ವಾರ 6 ದಿನದೊಳಗೆ ಮಾಡುವ ಎನ್‌ಟಿ (ನ್ಯೂಕಲ್ ಟ್ರಾನ್ಸ್‌ಲುಸೆನ್ಸಿ) ಸ್ಕ್ಯಾನ್‌ನಲ್ಲಿ ಅವರ ಕಣ್ಣಿರುವುದು ಭ್ರೂಣದ ಕತ್ತಿನ ಹಿಂದೆ, ಚರ್ಮದಡಿ ನಿಂತ ದ್ರವದ ಕಪ್ಪು ಪಟ್ಟಿಯ ಮೇಲೆ. ಅದು ದಪ್ಪಗಿದ್ದಷ್ಟೂ ಡೌನ್ ಸಿಂಡ್ರೋಮ್, ಹೃದಯದೋಷಗಳ ಸಾಧ್ಯತೆ ಹೆಚ್ಚು. ಅಳೆಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ.

ಆದ್ದರಿಂದಲೇ ಲಂಡನ್ನಿನ ಫೀಟಲ್ ಮೆಡಿಸಿನ್ ಫೌಂಡೇಶನ್ನಿನ ನಿಯಮಗಳು ಬಲು ಬಿಗಿ. ತಲೆ ಮತ್ತು ಎದೆಯ ಮೇಲ್ಭಾಗ ಮಾತ್ರ ಪರದೆ ತುಂಬಬೇಕು. ಮೂಗಿನ ತುದಿ, ಅಂಗುಳ ಕಾಣುವಂತೆ ನಟ್ಟನಡುವಿನ ಪಾರ್ಶ್ವನೋಟ ಸಿಗಬೇಕು. ಕತ್ತು ಹಿಂದಕ್ಕೆ ಚಾಚಿದ್ದರೆ ಅಳತೆ 0.6 ಮಿ.ಮೀ. ಹೆಚ್ಚಾಗಬಹುದು, ಎದೆಗೆ ಬಾಗಿದ್ದರೆ 0.4 ಮಿ.ಮೀ. ಕಡಿಮೆಯಾಗಬಹುದು. ಆಮ್ನಿಯಾನ್ ಪೊರೆಯೂ ಚರ್ಮದಂತೆಯೇ ತೆಳು ಗೆರೆಯಾಗಿ ಕಾಣುವುದರಿಂದ, ಭ್ರೂಣ ಮಿಸುಕಿ ಪೊರೆಯಿಂದ ಬೇರೆಯಾಗುವವರೆಗೂ ಕಾಯಬೇಕು.

ಚಿತ್ರ ಬೆಳ್ಳಗೆ ಹೊಳೆಯಲಿ ಎಂದು ಗೇನ್, ಅಂದರೆ ಪ್ರತಿಧ್ವನಿಯ ವರ್ಧನೆ, ಏರಿಸಿದರೆ ನೋಡಲೇನೋ ಸೊಗಸು. ಆದರೆ ಬಿಳಿ ಗೆರೆಗಳ ಅಂಚು ಮಸುಕಾಗಿ ಉಬ್ಬಿ, ನಡುವಿನ ಕಪ್ಪು ಕಿರಿದಾಗುತ್ತದೆ. ಅಳತೆ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ, ಎಚ್ಚರಿಸಬೇಕಾದ ಸ್ಕ್ಯಾನ್ ಸುಮ್ಮನಾಗಿಬಿಡುತ್ತದೆ. ಅಳೆಯುವಾಗ ಚಿತ್ರ ಕೊಂಚ ಮಂಕಾಗಿದ್ದರೇ ವಾಸಿ.

ಯಂತ್ರವನ್ನೂ ಕುರುಡಾಗಿ ನಂಬುವಂತಿಲ್ಲ. ಜೆಲ್ ಹಚ್ಚದ ಪ್ರೋಬನ್ನು ಗಾಳಿಯಲ್ಲಿ ಹಿಡಿದರೆ ಪರದೆಯ ಮೇಲ್ಭಾಗದಲ್ಲಿ ಒಂದೇ ಸಮನಾದ ಪಟ್ಟೆಗಳು ಮೂಡಬೇಕು. ನಡುವೆ ಕಪ್ಪು ಗೀಟು ಇಳಿದಿದ್ದರೆ ಪ್ರೋಬಿನಲ್ಲಿ ಧ್ವನಿ ಹೊಮ್ಮಿಸುವ ಅಲ್ಲಿನ ಹರಳು ಕೆಟ್ಟಿರುವ ಶಂಕೆ. ಖರ್ಚಿಲ್ಲದ, ನಿಮಿಷದ ಪರೀಕ್ಷೆ ಇದು.

ಫೌಂಡೇಶನ್ನಿನ ಪ್ರಮಾಣಪತ್ರ ಬೇಕೆಂದರೆ ವೈದ್ಯರು ತಾವು ತೆಗೆದ ಚಿತ್ರಗಳನ್ನೇ ಪರಿಶೀಲನೆಗೆ ಕಳಿಸಬೇಕು. ಆಮೇಲೂ ಅವರ ಅಳತೆಗಳೆಲ್ಲ ಒಟ್ಟಾಗಿ ಒಂದೇ ಕಡೆ ವಾಲುತ್ತಿವೆಯೇ ಎಂದು ನೋಡುತ್ತಾರೆ. ಇದು ನನಗೆ ಬಹಳ ಸರಿಕಂಡ ಏರ್ಪಾಡು: ಚಿತ್ರವಿಲ್ಲದೆ 1.8 ಮಿ.ಮೀ. ಎಂಬ ಬರಿಯ ಅಂಕಿಯನ್ನು ನೋಡಿ ಅದು ಸರಿಯೋ ತಪ್ಪೋ ಹೇಳಲು ಯಾರಿಗೂ ಸಾಧ್ಯವಿಲ್ಲ.

ಎಷ್ಟು ನುರಿತವರಿಗೂ ಕೆಲವು ದಿನ ಮಗು ತಿರುಗುವುದೇ ಇಲ್ಲ. ಕೆಮ್ಮಿ, ಸ್ವಲ್ಪ ಓಡಾಡಿ ಬನ್ನಿ ಎನ್ನುತ್ತಾರೆ. ಆದರೂ ಆಗದಿದ್ದರೆ ಇನ್ನೊಂದು ದಿನ ಬರಹೇಳುತ್ತಾರೆ. ದುಡ್ಡು ಕೊಟ್ಟೂ ಮತ್ತೆ ಅಲೆಯಬೇಕೇ ಎಂದು ಗೊಣಗುವವರುಂಟು. ಹೇಗೋ ಒಂದು ಅಂಕಿ ಬರೆದು ಕಳಿಸುವವರಿಗಿಂತ ಬರಹೇಳುವವರು ಮೇಲು. ಆದರೆ ಹೆಚ್ಚು ದಿನ ತಡಮಾಡುವಂತಿಲ್ಲ: ತಲೆಯಿಂದ ಪೃಷ್ಠದವರೆಗಿನ ಉದ್ದ 84 ಮಿ.ಮೀ. ದಾಟಿದರೆ ಈ ಅಳತೆಯ ಅವಧಿ ಮುಗಿಯಿತು.