ಸ್ಪ್ಯಾನಿಷ್ ಬಾಗಿಲಿಗೆ ಕನ್ನಡದ ಕೀಲಿಕೈ

ಸಂಘದ ಕಾರ್ಯಕ್ರಮಗಳಲ್ಲಿ ಹಿರಿಯರು ಯಾರಾದರೂ ‘ಏನಪ್ಪಾ, ಕನ್ನಡ ಬರುತ್ತಾ?’ ಎಂದು ಕೇಳಿದಾಗ ನೀವು ಕೊಡುವ ಉತ್ತರ ನನಗೆ ಬಾಯಿಪಾಠವಾಗಿದೆ. ‘ಅರ್ಥ ಆಗುತ್ತೆ ಅಂಕಲ್, ಮಾತಾಡೋಕೆ ಬರಲ್ಲ.’ ಈ ಉತ್ತರಕ್ಕೆ ಒಂದು ಕಾಲದಲ್ಲಿ ನಾನೂ ಮೂಗು ಮುರಿದವನೇ. ನಲವತ್ತು ದಾಟಿದ ಮೇಲೆ ಕಛೇರಿಯ ಅಗತ್ಯಕ್ಕಾಗಿ ಸ್ಪ್ಯಾನಿಷ್ ಕಲಿಯಲು ಹೊರಟು, ಪರೀಕ್ಷೆಗೆ ಕುಳಿತು, ನಪಾಸಾಗಿ ಮನೆಗೆ ಬಂದ ದಿನ ಹೆಂಡತಿಯ ಮುಂದೆ ನನ್ನ ಬಾಯಿಂದಲೂ ಅದೇ ಮಾತು ಬಂತು: ‘ಓದಿದರೆ ಅರ್ಥ ಆಗುತ್ತೆ ಕಣೇ, ಮಾತಾಡೋಕೆ ಬರಲ್ಲ!’

ನಿಮ್ಮಲ್ಲಿ ಹಲವರು ಈಗ ಸ್ಪ್ಯಾನಿಷ್ ಕಲಿಯುತ್ತಿದ್ದೀರಿ ಎಂದು ಬಲ್ಲೆ. ಕೆಲವರಿಗೆ ಕಾಲ್ ಸೆಂಟರಿನ ಸಂಬಳ, ಕೆಲವರಿಗೆ ಫುಟ್‌ಬಾಲ್, ಕೆಲವರಿಗೆ ಕಾಲೇಜಿನ ಐಚ್ಛಿಕ ವಿಷಯ. ಕಾರಣ ಯಾವುದಾದರೂ ಆಗಲಿ, 20 ದೇಶಗಳಲ್ಲಿ ಅಧಿಕೃತವಾಗಿರುವ ಭಾಷೆ ಕಲಿತವರಿಗೆ ನಷ್ಟವೇನೂ ಇಲ್ಲ. ನಾನು ಎಡವಿದ ಕಲ್ಲುಗಳನ್ನು ತೋರಿಸಿದರೆ ನಿಮ್ಮ ಕಾಲ್ಬೆರಳು ಉಳಿದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಪರೀಕ್ಷೆಯ ವಿಷಯ. ಅದರ ಹೆಸರು ‘ದೆಲೆ’. ಸ್ಪೇನ್ ಸರಕಾರದ ಪರವಾಗಿ ಇನ್‌ಸ್ತಿತೂತೊ ಸೆರ್ವಾಂತೆಸ್ ಇದನ್ನು ನಡೆಸುತ್ತದೆ. 1991ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೇಂದ್ರ ದೆಹಲಿಯ ಹನುಮಾನ್ ರಸ್ತೆಯಲ್ಲಿ ಇದೆ, ಗ್ರಂಥಾಲಯ ಸಹಿತ. ಎ1ರಿಂದ ಸಿ2ರವರೆಗೆ ಆರು ಹಂತಗಳು. ನಾನು ಕುಳಿತದ್ದು ಮೂರನೆಯ ಹಂತವಾದ ಬಿ1ಕ್ಕೆ. ಅಲ್ಲಿ ಓದುವುದು-ಬರೆಯುವುದು ಒಂದು ಗುಂಪು, ಕೇಳುವುದು-ಮಾತಾಡುವುದು ಇನ್ನೊಂದು. ಎರಡರಲ್ಲೂ ಪ್ರತ್ಯೇಕವಾಗಿ 50ಕ್ಕೆ 30 ಬರಬೇಕು. ಒಂದರಲ್ಲಿ ಹೆಚ್ಚು ಗಳಿಸಿ ಇನ್ನೊಂದರ ಹಳ್ಳ ಮುಚ್ಚುವ ಹಾಗಿಲ್ಲ. ನನಗೆ ಮೊದಲನೆಯದರಲ್ಲಿ 41 ಬಂತು, ಎರಡನೆಯದರಲ್ಲಿ 24. ಒಂದೂವರೆ ವರ್ಷ ಪುಸ್ತಕಕ್ಕೆ ಗೆರೆ ಎಳೆದೆಳೆದು ಓದಿದ್ದರ ಫಲ!

ತಪ್ಪು ಎಲ್ಲಿತ್ತು? ನಾನು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದೆ. ಪುಸ್ತಕಗಳು ಇರುವುದು ಇಂಗ್ಲಿಷಿನಲ್ಲಿ, ಮೇಷ್ಟರು ವಿವರಿಸುವುದೂ ಇಂಗ್ಲಿಷಿನಲ್ಲಿ, ಮತ್ತೇನು ಮಾಡುವುದು? ಆದರೆ ಒಂದು ದಿನ ತರಗತಿಯಲ್ಲಿ ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯ ಬಂತು. ಕಾಫಿ ಇಷ್ಟ ಎಂದರ್ಥ. ಇದರಲ್ಲಿ ‘ನಾನು’ ಎಂಬ ಕರ್ತೃ ಎಲ್ಲಿ ಹೋಯಿತು ಎಂದು ಅರ್ಧ ತರಗತಿ ತಲೆ ಕೆರೆದುಕೊಳ್ಳುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು: ಇದು ‘ನನಗೆ ಕಾಫಿ ಇಷ್ಟ’ ಅಲ್ಲವೇ? ‘ಮೆ’ ಎಂದರೆ ‘ನನಗೆ’. ತಲೆ ನೋಯುತ್ತಿದ್ದರೆ ‘ಮೆ ದುಎಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತದೆ. ನಮ್ಮ ಅಜ್ಜಿಯರು ದಿನವೂ ಆಡುವ ವಾಕ್ಯ!

ಅಂದಿನಿಂದ ಕನ್ನಡದ ಕಣ್ಣಲ್ಲಿ ನೋಡತೊಡಗಿದೆ. ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಆಬ್ಲಾಸ್’ ಎಂದರೆ ಮಾತಾಡುತ್ತೀಯೆ, ‘ಆಬ್ಲಾಮೊಸ್’ ಎಂದರೆ ಮಾತಾಡುತ್ತೇವೆ. ಕ್ರಿಯಾಪದದ ಬಾಲವೇ ಯಾರು ಎಂದು ಹೇಳುವುದರಿಂದ ‘ನಾನು, ನೀನು’ಗಳನ್ನು ಬಿಟ್ಟರೂ ನಡೆಯುತ್ತದೆ. ‘ಕೊಮೀ’ ಎಂದರೆ ತಿಂದೆ, ‘ಕೊಮೀಆ’ ಎಂದರೆ ತಿನ್ನುತ್ತಿದ್ದೆ. ಈ ಎರಡು ಭೂತಕಾಲಗಳಿಗೆ ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಣೆ ಕೊಡುತ್ತವೆ. ‘ನೀನು’ವಿಗೆ ‘ತೂ’ ಇದೆ, ‘ನೀವು’ವಿಗೆ ‘ಉಸ್ತೆದ್’ ಇದೆ. ಉಸ್ತೆದ್ ಹುಟ್ಟಿದ್ದು ‘ವುಎಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಮಾತಿನಿಂದ. ಆದ್ದರಿಂದ ಅದರೊಡನೆ ಪ್ರಥಮ ಪುರುಷದ ಕ್ರಿಯಾಪದವೇ ಬರಬೇಕು. ಎದುರಿಗೇ ನಿಂತವರನ್ನು ‘ರಾಯರು ಯಾವಾಗ ಬಂದರು?’ ಎಂದು ಕೇಳುವ ನಮ್ಮ ಹಳೆಯ ಮರ್ಯಾದೆಯನ್ನು ನೆನೆಸಿಕೊಳ್ಳಿ, ಮರೆಯುವುದಿಲ್ಲ.

ಎಲ್ಲರನ್ನೂ ಕಾಡುವ ಜೋಡಿ ‘ಸೇರ್’ ಮತ್ತು ‘ಎಸ್ತಾರ್’. ಎರಡೂ ‘ಇರು’ ಎಂಬರ್ಥದವೇ. ಯಾವುದನ್ನು ಎಲ್ಲಿ ಬಳಸಬೇಕು? ನನ್ನ ಅಡ್ಡದಾರಿ ಹೇಳುತ್ತೇನೆ. ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ಮುಗಿಯುವ ವಾಕ್ಯಕ್ಕೆ ಸೇರ್ ಹಾಕಿ: ‘ನಾನು ಎಂಜಿನಿಯರ್’, ‘ಅವಳು ನನ್ನ ತಂಗಿ’. ‘ಇದ್ದೇನೆ’, ‘ಇದ್ದಾಳೆ’ ಎಂದು ಬಂದರೆ ಎಸ್ತಾರ್ ಹಾಕಿ: ‘ಮನೆಯಲ್ಲಿದ್ದೇನೆ’, ‘ಬೇಸರದಲ್ಲಿದ್ದಾಳೆ’. ಹತ್ತಕ್ಕೆ ಹತ್ತೂ ಸರಿಹೋಗುವುದಿಲ್ಲ. ‘ಎತ್ತರವಾಗಿದ್ದಾನೆ’ ಎಂಬಲ್ಲಿ ಅವರು ಸೇರ್ ಹಾಕುತ್ತಾರೆ. ಆದರೂ ಹೆಚ್ಚಿನ ಕಡೆ ಕೈಹಿಡಿಯುತ್ತದೆ.

ಉಚ್ಚಾರಣೆಯಲ್ಲಿ ನೀವು ಪುಣ್ಯವಂತರು. ಅವರ ಪ, ತ, ಕ ನಮ್ಮವೇ. ತ, ದಗಳಿಗೆ ನಾಲಿಗೆ ಹಲ್ಲಿಗೇ ತಾಗಬೇಕು, ಇಂಗ್ಲಿಷಿನ ಟ, ಡ ಅಲ್ಲ. ಸ್ವರಗಳು ಐದೇ, ಬರೆದಂತೆ ಓದುವುದು. ಹ ಬರೆದರೂ ಉಚ್ಚರಿಸುವುದಿಲ್ಲ, ಹಾಗಾಗಿ ನಮಸ್ಕಾರಕ್ಕೆ ‘ಓಲಾ’. ವರ್ಣಮಾಲೆಯಲ್ಲಿ ಸುಮ್ಮನೆ ಕುಳಿತ ಞಕಾರ ನೆನಪಿದೆಯೇ? ಅದಕ್ಕೆ ಸ್ಪ್ಯಾನಿಷಿನಲ್ಲಿ ಕೈತುಂಬ ಕೆಲಸ: ‘ಮಞಾನಾ’ ಎಂದರೆ ನಾಳೆ. ಎಚ್ಚರ ಬೇಕಾದದ್ದು ರಕಾರದಲ್ಲಿ. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ಮೇಜು ಹೆಣ್ಣು, ಪುಸ್ತಕ ಗಂಡು. ಇಲ್ಲಿ ನಿಮ್ಮ ಹಿಂದಿ, ಮರಾಠಿ ನೆರವಿಗೆ ಬರುತ್ತವೆ. ಲಿಂಗ ಅದೇ ಇರುತ್ತದೆಂದಲ್ಲ, ನಿರ್ಜೀವ ವಸ್ತುವಿಗೂ ಲಿಂಗವಿರುವುದು ನಿಮಗೆ ವಿಚಿತ್ರವೆನಿಸುವುದಿಲ್ಲ, ಅಷ್ಟೇ. ‘ಲಾ ಮೆಸಾ’, ‘ಎಲ್ ಲಿಬ್ರೊ’ ಎಂದು ಜೋಡಿಯಾಗಿಯೇ ಕಲಿಯಿರಿ.

ಪದಗಳಲ್ಲೂ ನೆಂಟರಿದ್ದಾರೆ. ಅವರ ‘ಅಸೂಕಾರ್’ ನಮ್ಮ ಸಕ್ಕರೆ. ಶರ್ಕರಾ ಎಂಬ ಪದವೇ ಪರ್ಷಿಯನ್, ಅರಬ್ಬಿಗಳ ಮೂಲಕ ಅಲ್ಲಿಗೆ ಹೋದದ್ದು. ಅದೇ ದಾರಿಯಲ್ಲಿ ಚತುರಂಗ ಹೋಗಿ ‘ಅಹೆದ್ರೆಸ್’ ಆಯಿತು. ಆದರೆ ನೆಂಟರು ಸಾವಿರ ಸಿಗಲಾರರು, ಉಳಿದವನ್ನು ನೆನಪಿಡಲೇಬೇಕು. ಅದಕ್ಕೆ ನಾನು ಕಂಡ ಅತ್ಯುತ್ತಮ ಉಪಕರಣ ಚಪ್ಪಲಿ ಡಬ್ಬಿ! ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಜರ್ಮನ್ ಭಾಷೆಯ ತಮ್ಮ ಪುಸ್ತಕದಲ್ಲಿ ವಿವರಿಸಿದ ಕ್ರಮ ಇದು. ಡಬ್ಬಿಯಲ್ಲಿ ಐದು ಖಾನೆ ಮಾಡಿ. ಚೀಟಿಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಸ್ಪ್ಯಾನಿಷ್. ಕನ್ನಡ ನೋಡಿ ಸ್ಪ್ಯಾನಿಷ್ ಹೇಳಿ. ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆ ದಿನವೂ, ಮುಂದಿನವು ಹೆಚ್ಚು ಹೆಚ್ಚು ದಿನ ಬಿಟ್ಟು. ಮೊಬೈಲಿನಲ್ಲಿ ಇದನ್ನೇ ಮಾಡುವ ಆ್ಯಪ್‌ಗಳಿವೆ, ನಿಮ್ಮಿಷ್ಟ. ಮುಖ್ಯ ಸಂಗತಿಯೆಂದರೆ ಓದುವುದಲ್ಲ, ನೆನೆಸಿಕೊಳ್ಳಲು ತಿಣುಕುವುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನೆಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ನನ್ನ ಒಂದೂವರೆ ವರ್ಷದ ಗೆರೆಗಳು ಏಕೆ ವ್ಯರ್ಥವಾದವೆಂದು ಆಗ ತಿಳಿಯಿತು.

ಇನ್ನು ನನ್ನ 24 ಅಂಕದ ಚಿಕಿತ್ಸೆ. ಎರಡು ನಿಮಿಷದ ಒಂದೇ ಧ್ವನಿಮುದ್ರಣವನ್ನು ವಾರವಿಡೀ ಕೇಳಿದೆ. ಸೋಮವಾರ ಬರೀ ಗಾಳಿಯ ಸದ್ದಿನಂತಿದ್ದದ್ದು ಗುರುವಾರದ ಹೊತ್ತಿಗೆ ಪದಪದವಾಗಿ ಬಿಡಿಸಿಕೊಳ್ಳುತ್ತಿತ್ತು. ಶನಿವಾರ ಅದನ್ನು ಉಕ್ತಲೇಖನದಂತೆ ಬರೆದು, ಭಾನುವಾರ ಮುದ್ರಣದ ಜೊತೆಗೇ ಗಟ್ಟಿಯಾಗಿ ಹೇಳುತ್ತಿದ್ದೆ. ಓದಲು ಸೆರ್ವಾಂತೆಸನ ದೋನ್ ಕಿಹೋತೆಗೆ ಕೈಹಾಕಬೇಡಿ, 1605ರ ಸ್ಪ್ಯಾನಿಷ್ ಅದು. ಅರ್ಜೆಂಟೀನಾದ ಕೀನೊ ಬರೆದ ‘ಮಫಾಲ್ದಾ’ ಎಂಬ ಪುಟ್ಟ ಹುಡುಗಿಯ ಚಿತ್ರಕಥೆಗಳಿವೆ, ನಗುನಗುತ್ತಾ ಕಲಿಯಬಹುದು.

ಮಾತಿಗೆ ಮಾತ್ರ ಮಾತೇ ಮದ್ದು. ನಾನು ಬಾಯಿ ಬಿಡದಿದ್ದುದು ತಪ್ಪಾದೀತೆಂಬ ಭಯಕ್ಕೆ. ಆ ಭಯ ಹೋದದ್ದು ಒಂದು ದೊಡ್ಡ ತಪ್ಪಿನಿಂದಲೇ. ಮನೆಪಾಠ ಏಕೆ ಮಾಡಿಲ್ಲ ಎಂದು ಮೇಷ್ಟರು ಕೇಳಿದಾಗ ‘ದಣಿದಿದ್ದೇನೆ’ ಎನ್ನಲು ‘ಎಸ್ತೊಯ್ ಕನ್ಸಾದೊ’ ಎನ್ನಬೇಕಿತ್ತು. ನಾನು ‘ಎಸ್ತೊಯ್ ಕಸಾದೊ’ ಎಂದುಬಿಟ್ಟೆ. ‘ನನಗೆ ಮದುವೆಯಾಗಿದೆ!’ ತರಗತಿ ಬಿದ್ದು ಬಿದ್ದು ನಕ್ಕಿತು. ಎರಡೂ ನಿಜವೇ ಎಂದು ಮೇಷ್ಟರು ತೀರ್ಪು ಕೊಟ್ಟರು. ಆ ಎರಡು ಪದಗಳನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ನಕ್ಕವರಲ್ಲಿ ಯಾರಿಗೂ ನನ್ನ ಬಗ್ಗೆ ತಾತ್ಸಾರವಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅದರ ಜೊತೆಗೇ ಇನ್ನೊಂದು ಮುಖ ನೆನಪಾಯಿತು. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಒಬ್ಬ ಹುಡುಗಿ ‘ಅಜ್ಜಿ ಬಂದಿತು’ ಎಂದಾಗ ನಾವೆಲ್ಲ ಹೇಗೆ ನಕ್ಕೆವು! ಆಕೆ ಮುಂದಿನ ವರ್ಷದಿಂದ ನಮ್ಮೊಡನೆ ಹಿಂದಿಯಲ್ಲೇ ಮಾತಾಡುತ್ತಾಳೆ. ನಾನು ತಪ್ಪಿದಾಗ ಮೇಷ್ಟರು ಸರಿಯಾದ ಪದವನ್ನು ತಮ್ಮ ಉತ್ತರದಲ್ಲೇ ಸೇರಿಸಿ ಮಾತು ಮುಂದುವರಿಸುತ್ತಿದ್ದರು. ನಾವು ಆಕೆಗೆ ಅಷ್ಟು ಮಾಡಲಿಲ್ಲ.

ಎರಡನೆಯ ಸಲ ಮೌಖಿಕದಲ್ಲಿ ಪರೀಕ್ಷಕಿ ಊರು ಯಾವುದೆಂದು ಕೇಳಿದರು. ‘ಸೊಯ್ ದೆ ಸಾಗರ, ಪೆರೊ ಎಸ್ತೊಯ್ ಎನ್ ದೆಲಿ’ ಎಂದೆ. ಸಾಗರದವನು, ಆದರೆ ದೆಹಲಿಯಲ್ಲಿದ್ದೇನೆ. ಸೇರ್, ಎಸ್ತಾರ್ ಎರಡೂ ಸರಿಯಾಗಿದ್ದವು, ‘ಪೆರೊ’ ನಾಯಿಯಾಗಲಿಲ್ಲ. ಆ ಗುಂಪಿನಲ್ಲಿ 33 ಬಂತು.

ಸಂಘದ ಗ್ರಂಥಾಲಯದ ಉದ್ದನೆಯ ಮೇಜು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ. ಹತ್ತು ಗಂಟೆಗೆ ನಾನು ಚಪ್ಪಲಿ ಡಬ್ಬಿಯೊಡನೆ ಅಲ್ಲಿರುತ್ತೇನೆ. ಅರ್ಧ ಗಂಟೆ ಸ್ಪ್ಯಾನಿಷ್, ಅರ್ಧ ಗಂಟೆ ಕನ್ನಡ, ನಡುವೆ ಕಾಫಿ. ಆ ಹುಡುಗಿಗೂ ಹೇಳಿ ಕಳಿಸಿದ್ದೇನೆ.