ಕೈಮೇಲಿನ ಗಿಡುಗ, ಬೇಟೆಯ ಮರ್ಯಾದೆ

ಶಿಕ್ರಾ ಗಿಡುಗವನ್ನು ಬೇಟೆಗೆ ಬಿಡುತ್ತಿರಲಿಲ್ಲ, ಎಸೆಯುತ್ತಿದ್ದರು. ಹೊಟ್ಟೆ ಅಂಗೈಯೊಳಗೆ ಕೂರುವಂತೆ, ಕಾಲು ಬಾಲ ಹಿಂದಕ್ಕೆ ಚಾಚುವಂತೆ ಅದನ್ನು ಹಿಡಿದುಕೊಳ್ಳಬೇಕು. ಎಸೆತದ ಜೋರಿಗೆ ಕುತ್ತಿಗೆ ಉಳುಕಬಾರದೆಂದು ಕೊರಳಿಗೆ ಒಂದು ಪಟ್ಟಿ. ಪೊದೆಯಿಂದ ಬುರ್ಲಿ ಹಕ್ಕಿ ಪುರ್ರೆಂದು ಎದ್ದ ಕೂಡಲೇ ಅದರತ್ತ ಬೀಸಿಬಿಡುವುದು. ಪಾರಿವಾಳದಷ್ಟೇ ಗಾತ್ರದ ಈ ಗಿಡುಗಕ್ಕೆ ಬಹುದೂರ ಬೆನ್ನಟ್ಟುವ ತ್ರಾಣವಿಲ್ಲ. ಮೊದಲ ಹಾರಾಟದಲ್ಲೇ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಹೋಗಿ ಯಾವುದೋ ಜಾಲಿಗಿಡದ ಮೇಲೆ ಕೂತುಬಿಡುತ್ತದೆ. ಆ ಕೊರತೆಯನ್ನು ಮನುಷ್ಯನ ತೋಳು ತುಂಬಿಕೊಡುತ್ತಿತ್ತು. ಹಾಗಾದರೆ ಬುರ್ಲಿಯನ್ನು ಹಿಡಿದದ್ದು ಯಾರು, ಹಕ್ಕಿಯೋ ತೋಳೋ?

ಬೇಟೆಯಲ್ಲಿ ಯಾವುದು ಸರಿ, ಯಾವುದು ಮೋಸ ಎಂಬ ಜಗಳ ಇಂಥ ಸಣ್ಣ ಪ್ರಶ್ನೆಗಳಿಂದಲೇ ಹುಟ್ಟಿದ್ದು. ಪಾರಸಿ ಸಂಪ್ರದಾಯದ ಗಿಡುಗಗಾರರು ಹಕ್ಕಿಗಳನ್ನು ಕಣ್ಣು ನೋಡಿ ಎರಡು ಜಾತಿ ಮಾಡಿದ್ದರು. ಬಹರಿ, ಶಾಹೀನ್, ಲಗ್ಗರ್‌ಗಳದ್ದು ಕಪ್ಪುಗಣ್ಣು. ಬಾಜ್, ಬಾಶಾ, ಶಿಕ್ರಾಗಳದ್ದು ಹಳದಿಗಣ್ಣು. ಬಹರಿ ಆಕಾಶಕ್ಕೇರಿ ರೆಕ್ಕೆ ಮಡಚಿ ಎರಗಿದರೆ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಅದು ನೋಡುವವರ ಬೇಟೆ. ಶಿಕ್ರಾ ಹಾಗಲ್ಲ, ಕೆಲವೇ ದಿನಗಳಲ್ಲಿ ಪಳಗುತ್ತದೆ, ಸಂಜೆಯ ಸಾರಿಗೆ ಒಂದು ಹಕ್ಕಿ ತಂದುಕೊಡುತ್ತದೆ. ಅದು ಉಣ್ಣುವವರ ಬೇಟೆ. ದೊರೆಗಳ ಮೆಚ್ಚುಗೆ ಯಾವುದಕ್ಕೆ ಹೋಯಿತೆಂದು ಬೇರೆ ಹೇಳಬೇಕಿಲ್ಲ.

ಮುದನಾಳ, ಯಾದಗಿರಿ, ಶಹಾಪುರ, ಸುರಪುರದ ಈ ಎರೆನೆಲದ ಸೀಮೆಗೆ ಗಿಡುಗ ಹೊಸತಲ್ಲ, ಗಿಡುಗದ ಶಾಸ್ತ್ರವೂ ಹೊಸತಲ್ಲ. ಉತ್ತರಕ್ಕೆ ಹೋದರೆ ಸಿಗುವ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಅರಸನ ವಿನೋದಗಳಿಗೇ ಒಂದು ವಿಂಶತಿ, ಅಂದರೆ ಇಪ್ಪತ್ತು ಅಧ್ಯಾಯಗಳ ಭಾಗ. ಆನೆ, ಕುದುರೆ, ಕುಸ್ತಿ, ಕೋಳಿಯಂಕಗಳ ಜೊತೆಗೆ ಸಾರಮೇಯ ವಿನೋದ, ಶ್ಯೇನ ವಿನೋದ, ಮತ್ಸ್ಯ ವಿನೋದ, ಮೃಗಯಾ ವಿನೋದ. ನಾಯಿ, ಗಿಡುಗ, ಮೀನು, ಜಿಂಕೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಗಿಡುಗವನ್ನು ಹಿಡಿಯುವುದು, ಪಳಗಿಸುವುದು, ಬೇಟೆಗೆ ಬಿಡುವುದು ಎಲ್ಲಕ್ಕೂ ಕ್ರಮವಿದೆ. ಜಿಂಕೆಯ ಬೇಟೆಗಂತೂ ಬಗೆಬಗೆಯ ಉಪಾಯ. ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನದನ್ನು ಸೆಳೆಯುವುದೂ ಅವುಗಳಲ್ಲೊಂದು. ಇವತ್ತು ಅದನ್ನು ವಂಚನೆ ಅನ್ನುತ್ತೇವೆ. ಸೋಮೇಶ್ವರನಿಗೆ ಅದು ಜಾಣ್ಮೆ.

ಹಾಗೆಂದು ಹಳಬರಿಗೆ ಅಳುಕು ಇರಲಿಲ್ಲವೇ? ಇತ್ತು. ಮನುಸ್ಮೃತಿ ಬೇಟೆಯನ್ನು ಅರಸನ ವ್ಯಸನಗಳಲ್ಲಿ ಸೇರಿಸಿತು. ಕೌಟಿಲ್ಯ ಅದನ್ನು ಜೂಜಿನೊಂದಿಗೆ ತೂಗಿ ನೋಡಿ ಬೇಟೆಯ ಕಡೆಗೇ ಮೆತ್ತಗೆ ವಾಲಿದ. ಮೈಗೆ ವ್ಯಾಯಾಮ, ಬೊಜ್ಜು ಕರಗುತ್ತದೆ, ಓಡುವ ಗುರಿಗೆ ಬಾಣ ಹೂಡುವ ಅಭ್ಯಾಸವಾಗುತ್ತದೆ, ಸಿಟ್ಟಿಗೆದ್ದ ಹಾಗೂ ಹೆದರಿದ ಪ್ರಾಣಿಯ ಮನಸ್ಸು ತಿಳಿಯುತ್ತದೆ ಎಂಬುದು ಅವನ ವಾದ. ಕುಮಾವೂಂನ ರುದ್ರದೇವ ಬರೆದ 'ಶ್ಯೈನಿಕ ಶಾಸ್ತ್ರ' ಗಿಡುಗದ ಮಾತಿಗೆ ಬರುವ ಮೊದಲು ಈ ವ್ಯಸನದ ಆರೋಪಕ್ಕೇ ಉತ್ತರ ಕೊಡುತ್ತ ಕೂರುತ್ತದೆ. ಹಿತಮಿತವಾದರೆ ವ್ಯಸನವೂ ತಪ್ಪಲ್ಲ ಎಂಬ ಸಮಜಾಯಿಷಿ. ಆರೋಪ ಬಲವಾಗಿರದಿದ್ದರೆ ಇಷ್ಟು ಉದ್ದದ ಪೀಠಿಕೆ ಯಾಕೆ ಬೇಕಿತ್ತು?

ಬೇಟೆಯ ಹೊಗಳಿಕೆ, ಬೇಟೆಯ ಅಳುಕು, ಈ ಎರಡು ದನಿಗಳೂ ಒಂದೇ ಕಾಲಕ್ಕೆ ಕೇಳಿಬರುವುದು ಯಾದಗಿರಿಗೆ ನೆರೆಯ ಮಳಖೇಡದಿಂದ ಆಳಿದವರ ನಾಡಿನಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ ಬಹುಮಾನವಾಗಿ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ನಾಯಿ, ಹಂದಿ ಎರಡೂ ಸತ್ತವು. ಮಂಡ್ಯ ಸೀಮೆಯ ಆತಕೂರಿನಲ್ಲಿ ನೆಟ್ಟ ಕಲ್ಲಿನಲ್ಲಿ ಇವೆರಡೂ ಎದುರುಬದುರಾಗಿ ಕಾದಾಡುತ್ತಿವೆ. ಕಲ್ಲಿನ ಪೂಜೆಗೆಂದು ಭೂಮಿ ಬಿಡಲಾಯಿತು. ಕಾಲ ಕ್ರಿ.ಶ. 949–50. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೋಡುವವರು ಗಮನಿಸಬೇಕಾದ್ದು, ಕಂಡರಿಸಿದವನು ಹಂದಿಯನ್ನು ಕುಗ್ಗಿಸಿಲ್ಲ. ಎದುರಾಳಿಗೆ ಕೊಲ್ಲುವ ಶಕ್ತಿ ಇದ್ದದ್ದಕ್ಕೇ ಕಾಳಿಗೆ ವೀರಗಲ್ಲು. ಸಮಬಲದ ಬೇಟೆ ಎಂಬ ಕಲ್ಪನೆಗೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ.

ಅದೇ ಕೃಷ್ಣನ ರಾಜಧಾನಿಯಲ್ಲಿ ಕೂತು ಜೈನಕವಿ ಪುಷ್ಪದಂತ ಅಪಭ್ರಂಶದಲ್ಲಿ ಯಶೋಧರನ ಕತೆ ಬರೆದ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಪಾಪಕ್ಕೆ ತಾಯಿ ಮಗ ಜನ್ಮಜನ್ಮಾಂತರ ತೊಳಲುತ್ತಾರೆ. ಒಂದು ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ. ಮುಂದೆ ಜನ್ನ ಇದೇ ಕತೆಯನ್ನು ಕನ್ನಡದಲ್ಲಿ ಹೇಳಿದ. ಈ ಕತೆಯೊಳಗೆ ಸಮಬಲಕ್ಕೆ ಬೆಲೆಯೇ ಇಲ್ಲ. ಕೊಲ್ಲುವ ಬಯಕೆ ಹುಟ್ಟಿತೋ, ಲೆಕ್ಕ ಅಲ್ಲಿಗೇ ಶುರು.

ಬಹಮನಿ, ಆದಿಲ್‌ಶಾಹಿಗಳ ಕಾಲಕ್ಕೆ ದಖನ್ನಿನಲ್ಲಿ ಇನ್ನೊಂದು ವಿಚಾರವೂ ಜೊತೆಗೂಡಿತು. ಪಳಗಿಸಿದ ಪ್ರಾಣಿ ಹಿಡಿದ ಬೇಟೆ ಉಣ್ಣಲು ಯೋಗ್ಯವೆಂದು ಕುರಾನ್ ಹೇಳುತ್ತದೆ, ಬಿಡುವಾಗ ದೇವರ ಹೆಸರು ಹೇಳಬೇಕು. ಇಸ್ಲಾಮಿನ ಹನಫಿ ಪಂಥದ ಪಂಡಿತರು ಇಲ್ಲಿ ನಾಯಿಗೂ ಗಿಡುಗಕ್ಕೂ ಬೇರೆ ಬೇರೆ ಪರೀಕ್ಷೆ ಇಟ್ಟರು. ನಾಯಿ ಪಳಗಿದೆ ಅನ್ನಬೇಕಾದರೆ ಹಿಡಿದದ್ದನ್ನು ತಿನ್ನದೆ ಬಿಡಬೇಕು. ಗಿಡುಗ ಪಳಗಿದೆ ಅನ್ನಲು ಕರೆದಾಗ ಬಂದರೆ ಸಾಕು. ಒಂದು ಚೂರು ತಿಂದಿದ್ದರೂ ಉಳಿದದ್ದು ಸಲ್ಲುತ್ತದೆ. ಏಕೆಂದರೆ ನಾಯಿಯನ್ನು ಹೊಡೆದು ಕಲಿಸಬಹುದು, ಗಿಡುಗವನ್ನು ಹೊಡೆಯಲಾಗದು. ಅದರ ಮೈ ಏಟು ತಾಳದು. ಹಕ್ಕಿಯ ಸ್ವಭಾವ ಗೊತ್ತಿದ್ದವರು ಮಾಡಿದ ನಿಯಮ ಇದು.

ಇಷ್ಟೆಲ್ಲ ಗ್ರಂಥಸ್ಥರ ಮಾತಾಯಿತು. ಸುರಪುರವನ್ನು ಆಳಿದವರು ಬೇಡ ನಾಯಕರು. ಬೇಟೆ ಅವರಿಗೆ ವಿನೋದಕ್ಕಿಂತ ಹೆಚ್ಚಾಗಿ ಯುದ್ಧದ ಗರಡಿ. 1705ರಲ್ಲಿ ಮುಪ್ಪಿನ ಔರಂಗಜೇಬ ತಾನೇ ಬಂದು ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಪಿಡ್ಡ ನಾಯಕನ ಮಂದಿ ಬಂಡೆಗಲ್ಲುಗಳ ನಡುವೆ ಅವನನ್ನು ಕಾಡಿದ ಬಗೆ ಬೇಟೆಗಾರರದ್ದೇ. 1857ರಲ್ಲಿ ಕುಂಪಣಿ ಸರ್ಕಾರ ಆಯುಧ ಕಿತ್ತುಕೊಳ್ಳಲು ಹೊರಟಾಗ ಮುಧೋಳ ಸೀಮೆಯ ಹಲಗಲಿ ಬೇಡರು ತಿರುಗಿಬಿದ್ದದ್ದು ಲಾವಣಿಯಾಗಿ ಇಂದಿಗೂ ಹಾಡಲ್ಪಡುತ್ತದೆ. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಬ್ರಿಟಿಷ್ ಸಾಹೇಬರು ಕೋವಿಯ ಜೊತೆಗೆ 'ಸ್ಪೋರ್ಟ್' ಎಂಬ ಕಟ್ಟಳೆಯನ್ನೂ ತಂದರು. ಕೂತ ಹಕ್ಕಿಗೆ ಗುಂಡು ಹೊಡೆಯಬಾರದು, ಹಾರುವಾಗ ಹೊಡೆಯಬೇಕು. ಕುದುರೆ ಮೇಲೆ ಭರ್ಜಿ ಹಿಡಿದು ಹಂದಿಯನ್ನು ಬೆನ್ನಟ್ಟುವ ಕಡೆ ಅದಕ್ಕೆ ಗುಂಡಿಕ್ಕುವುದು ಮಾನಗೇಡು. ಕೇಳಲು ಚಂದ. ಆದರೆ ಇದೇ ಕಟ್ಟಳೆ ಬೇಟೆಯನ್ನೇ ನಂಬಿ ಬದುಕಿದ ಪಾರ್ದಿ ಸಮುದಾಯದ ಬಲೆಯನ್ನೂ ಉರುಲನ್ನೂ ಕಳ್ಳತನದ ಸಾಲಿಗೆ ಸೇರಿಸಿತು. ದಿನಕ್ಕೆ ನೂರಾರು ಹಕ್ಕಿ ಉರುಳಿಸುವ ದೊರೆ ಸಂಭಾವಿತ, ಎರಡು ಗೌಜಲಕ್ಕಿ ಉರುಲಿಗೆ ಹಾಕಿಕೊಂಡವನು ಕಳ್ಳ. ಮರ್ಯಾದೆಯ ನಿಯಮಗಳನ್ನು ಬರೆದವರು ಯಾವಾಗಲೂ ಹೊಟ್ಟೆ ತುಂಬಿದವರೇ ಎಂಬ ನನ್ನ ಅನುಮಾನ ಇಲ್ಲಿ ಗಟ್ಟಿಯಾಗುತ್ತದೆ. ಹಸಿದವನ ನ್ಯಾಯ ಬೇರೆ ಇತ್ತು, ಅದು ಪಾಲಿನ ನ್ಯಾಯ. ಕೊಡಗಿನ ಗುಂಪು ಬೇಟೆಯಲ್ಲಿ ನಾಯಿಗೂ ಪಾಲು ತೆಗೆದಿಡುತ್ತಿದ್ದರು. ಹೇಗೆ ಕೊಂದೆ ಅನ್ನುವುದಕ್ಕಿಂತ ಹೇಗೆ ಹಂಚಿದೆ ಅನ್ನುವುದು ಅಲ್ಲಿ ಮುಖ್ಯ.

ಕೋವಿ ಬಂದ ಮೇಲೆ ಗಿಡುಗಗಾರನ ಕೆಲಸ ಹೋಯಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಬಹರಿ ಪಳಗಿಸುವ ತಾಳ್ಮೆ ಯಾರಿಗೆ? ಸಂಸ್ಥಾನಗಳು ಮುಗಿದವು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಈ ಕಾಯಿದೆಯ ದೃಷ್ಟಿಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಲು ಒಡ್ಡುವುದು, ಅಟ್ಟುವುದು, ಗೂಡು ಮೊಟ್ಟೆ ಕೆಡಿಸುವುದೂ ಬೇಟೆಯೇ. ಸಾವಿರ ವರ್ಷ ಪಂಡಿತರು, ದೊರೆಗಳು, ಸಾಹೇಬರು ಬಿಡಿಸಿ ಬಿಡಿಸಿ ಇಟ್ಟ ಭೇದಗಳನ್ನೆಲ್ಲ ಅದು ಒಂದೇ ಚೀಲಕ್ಕೆ ತುಂಬಿತು. ಅತ್ತ 2010ರಲ್ಲಿ ಯುನೆಸ್ಕೊ ಗಿಡುಗದ ಬೇಟೆಯನ್ನು ಹಲವು ದೇಶಗಳ ಅಮೂರ್ತ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಇತ್ತ ಯುಗಾದಿಯ ಹೊತ್ತಿಗೆ ರಾಯಚೂರು ಭಾಗದ ಕೆಲ ಊರುಗಳಲ್ಲಿ ಮೊಲದ ಬೇಟೆ ಸಂಪ್ರದಾಯವೋ ಅಪರಾಧವೋ ಎಂಬ ವಾದ ಇನ್ನೂ ಏಳುತ್ತದೆ. ಕಾಯಿದೆ ಹೇಳುವುದು ಅಪರಾಧವೆಂದು. ನನ್ನ ಮಟ್ಟಿಗೂ ಅದೇ ಸರಿ. ಊಟಕ್ಕೆ ಬೇರೆ ದಾರಿ ಇರುವಾಗ ಮೊಲದ ಹಿಂದೆ ನಾಯಿ ಬಿಡುವುದರಲ್ಲಿ ಕಾಳಿಯ ಶೌರ್ಯವೂ ಇಲ್ಲ, ಹಸಿದವನ ಹಕ್ಕೂ ಇಲ್ಲ.

ಗಿಡುಗಗಳಿಗೆ ಈಗ ಬೇಟೆಗಾರರಷ್ಟೇ ಅಲ್ಲ, ನಮ್ಮ ಹೊಲದ ವಿಷವೂ ಕುತ್ತು. ನಾರಾಯಣಪುರದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲ ಗದ್ದೆಯಾಯಿತು, ಗದ್ದೆಯ ಜೊತೆ ಇಲಿ ಬಂತು. ಬ್ರೊಮಾಡಿಯೊಲೋನ್ ಎಂಬ ಇಲಿವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ದಿನಗಟ್ಟಲೆ ಓಲಾಡುತ್ತ ಬಯಲಿಗೆ ಬರುತ್ತದೆ, ಗೂಬೆಗೋ ಗಿಡುಗಕ್ಕೋ ಸುಲಭದ ತುತ್ತಾಗಿ ವಿಷವನ್ನು ದಾಟಿಸುತ್ತದೆ. ವಿಷ ಇಡಲೇಬೇಕಾದರೆ ಬಿಲದ ಒಳಗೆ ಇಡಿ, ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಿ. ತೊಗರಿ ಹೊಲದ ಕಾಯಿಕೊರಕಕ್ಕೆ ಕೃಷಿ ಇಲಾಖೆ ಹೇಳುವ ಹಕ್ಕಿ ಕೂರುವ ಕವಲುಗೋಲುಗಳನ್ನು ಗದ್ದೆಯ ಬದುವಿನ ಮೇಲೂ ನಾಲ್ಕು ನೆಡಿ. ಮರಿ ಗಿಡುಗ ಗೂಡಿನಿಂದ ಬಿದ್ದದ್ದು ಕಂಡರೆ ಸಾಕಲು ಮನೆಗೆ ಒಯ್ಯಬೇಡಿ, ಹತ್ತಿರದ ಅರಣ್ಯ ಇಲಾಖೆಯವರಿಗೆ ತಿಳಿಸಿ.