2.20 ಎಂದರೆ ಎಷ್ಟು ಎಕರೆ?

ಪಹಣಿಯ ವಿಸ್ತೀರ್ಣದ ಕಲಂನಲ್ಲಿ 2.20 ಎಂದಿದ್ದರೆ ಬಯಲುಸೀಮೆಯ ಯಾವ ರೈತರನ್ನು ಕೇಳಿದರೂ ‘ಎರಡೂವರೆ ಎಕರೆ’ ಎನ್ನುತ್ತಾರೆ. ಚುಕ್ಕಿಯ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ; ಎಕರೆಗೆ 40 ಗುಂಟೆ. ಇದೇ ಅಂಕಿಯನ್ನು ಎಕ್ಸೆಲ್ ಹಾಳೆಗೆ ಹಾಕಿ, ಗುಂಟೆಯ ಹೆಸರೇ ಕೇಳದ ಊರಿನ ಕಚೇರಿಗೆ ಕಳಿಸಿ ನೋಡಿ. ಅಲ್ಲಿ ಅದು ಎರಡು ದಶಾಂಶ ಎರಡು ಎಕರೆ. 12 ಗುಂಟೆ ಮಾಯ. ಎಕ್ಸೆಲ್‌ಗೆ ಇನ್ನೊಂದು ಚಾಳಿಯಿದೆ: ದಶಾಂಶದ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತಾನೇ ಅಳಿಸಿ 2.2 ಎಂದು ತೋರಿಸುತ್ತದೆ. ಆ ಹಾಳೆ ತಿರುಗಿ ತಾಲ್ಲೂಕು ಕಚೇರಿಗೆ ಬಂದರೆ ಅಲ್ಲಿಯವರು ಎರಡು ಎಕರೆ ಎರಡು ಗುಂಟೆ ಎಂದು ಓದಿಕೊಂಡಾರು. ಈಗ ಹೋದದ್ದು 18 ಗುಂಟೆ. ಮಂಗಳೂರಿನ ಕಡೆ ಜಮೀನಿನ ಮಾತು ಸೆಂಟ್ಸಿನಲ್ಲಿ, ಎಕರೆಗೆ ನೂರು ಸೆಂಟ್ಸ್. ಅಲ್ಲಿಯವರು ಇದೇ 2.20 ಬರೆದರೆ ದಶಾಂಶದ ಓದೇ ಸರಿ.

ಇಷ್ಟರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕಡತ ಕದ್ದಿಲ್ಲ. ಕಲಂ ಏನನ್ನು ಅಳೆಯುತ್ತದೆ ಎಂಬುದು ಅಂಕಿಯ ಜೊತೆ ಹೋಗಲಿಲ್ಲ, ಅಷ್ಟೇ.

ಡೇಟಾ ಆಡಳಿತ ಎಂದೊಡನೆ ನಮಗೆ ಹ್ಯಾಕರ್‌ಗಳು, ವಿದೇಶಿ ಕಂಪನಿಗಳು, ಸುಪ್ರೀಂ ಕೋರ್ಟಿನ ತೀರ್ಪುಗಳು ನೆನಪಾಗುತ್ತವೆ. ಅವೆಲ್ಲ ಇರಲಿ. ನನ್ನ ಪ್ರಕಾರ ಅದು ಶುರುವಾಗುವುದು ಇಂಥ ಕಲಂಗಳ ತಲೆಬರಹದಲ್ಲಿ. ಈ ಅಂಕಿಯ ಮಾನ ಯಾವುದು, ಯಾರು ಬರೆದರು, ಯಾವ ದಾಖಲೆ ನೋಡಿ ಬರೆದರು, ತಿದ್ದುವ ಅಧಿಕಾರ ಯಾರದು, ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು? ಇವಕ್ಕೆ ದೇಶಕ್ಕೆಲ್ಲ ಒಪ್ಪುವ ಉತ್ತರ ಬರೆದಿಡುವುದೇ ರಾಷ್ಟ್ರೀಯ ಮಾನದಂಡ. ಊರೂರಿಗೂ ಬೇರೆ ತೂಗುತ್ತಿದ್ದ ಸೇರುಗಳನ್ನು ಬದಿಗಿಟ್ಟು ಕಿಲೋಗ್ರಾಂಗೆ ಬರಲು ಭಾರತಕ್ಕೆ 1956ರ ತೂಕ-ಅಳತೆ ಕಾಯ್ದೆ ಬೇಕಾಯಿತು. ಡೇಟಾದ ವಿಷಯದಲ್ಲಿ ನಾವು ಇನ್ನೂ ಸೇರು, ಕೊಳಗಗಳ ಕಾಲದಲ್ಲೇ ಇದ್ದೇವೆ.

ಅತಿ ಸುಲಭ ಎನಿಸುವ ಕೆಲಸವನ್ನೇ ನೋಡಿ: ರಾಜ್ಯಗಳಿಗೆ ಸಂಖ್ಯೆ ಕೊಡುವುದು. ಅಂಗಡಿಯ ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾದರೆ ಅದು ಕರ್ನಾಟಕದ ನೋಂದಣಿ. 2011ರ ಜನಗಣತಿಯಲ್ಲೂ ಕರ್ನಾಟಕ 29. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲೂ 29. ನಾವು ಪುಣ್ಯವಂತರು. ಆಂಧ್ರದವರ ಕಥೆ ಹಾಗಲ್ಲ. 2014ರಲ್ಲಿ ರಾಜ್ಯ ಒಡೆದಾಗ ತೆಲಂಗಾಣಕ್ಕೆ 36 ಬಂತು. ಉಳಿದ ಆಂಧ್ರ ಡೈರೆಕ್ಟರಿಯಲ್ಲಿ ಹಳೆಯ 28ನ್ನೇ ಉಳಿಸಿಕೊಂಡಿತು, ಜಿಎಸ್‌ಟಿಯಲ್ಲಿ 37 ಆಯಿತು. ಮುಂದೆ ಲಡಾಖ್ ಕೇಂದ್ರಾಡಳಿತ ಪ್ರದೇಶವಾದಾಗ ಡೈರೆಕ್ಟರಿ ಅದಕ್ಕೆ 37 ಕೊಟ್ಟಿತು. ಜಿಎಸ್‌ಟಿಯವರು 38 ಕೊಟ್ಟರು. ಯಾವ ಪಟ್ಟಿಯದೆಂದು ಹೇಳದೆ ‘ರಾಜ್ಯ ಸಂಖ್ಯೆ 37’ ಎಂಬ ಕಲಂ ಕೈಗೆ ಬಂದರೆ ವಿಜಯವಾಡದ ವ್ಯಾಪಾರ ಲೇಹ್‌ನ ಲೆಕ್ಕಕ್ಕೆ ಹೋಗಿಬಿಡಬಹುದು. ಎರಡೂ ಕಚೇರಿಗಳಿಗೆ ಅವರವರ ಕಾರಣಗಳಿದ್ದವು. ಹಳೆಯ ರಾಜ್ಯಕ್ಕಿದ್ದ ಸಂಖ್ಯೆಯನ್ನು ಹೊಸ ಗಡಿಯ ರಾಜ್ಯಕ್ಕೆ ಮುಂದುವರಿಸಬೇಕೇ, ಬೇಡವೇ ಎಂಬುದಕ್ಕೆ ಎರಡು ಕಡೆಯೂ ಒಳ್ಳೆಯ ವಾದಗಳಿವೆ. ಎಲ್ಲರೂ ಸೇರಿ ಒಂದನ್ನು ಒಪ್ಪಿಕೊಳ್ಳಲಿಲ್ಲ ಎನ್ನುವುದೇ ತೊಡಕು.

ಇದಕ್ಕಿಂತ ಸೂಕ್ಷ್ಮವಾದದ್ದು ಹುಟ್ಟಿದ ದಿನ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಅದು ಗೊತ್ತಿಲ್ಲ. ಶಾಲೆಗೆ ಸೇರಿಸಿದ ಮೇಷ್ಟರು ಜೂನ್ 1 ಎಂದು ಬರೆದದ್ದೇ ಹುಟ್ಟುಹಬ್ಬ. ಆಧಾರ್ ಶುರುವಾಗುವ ಮುನ್ನ, 2009ರಲ್ಲಿ, ಎನ್. ವಿಠಲ್ ಅಧ್ಯಕ್ಷತೆಯ ಸಮಿತಿಯೊಂದು ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಹೇಗೆ ಬರೆದುಕೊಳ್ಳಬೇಕೆಂದು ಮಾನದಂಡ ರೂಪಿಸಿತು. ಆಧಾರ್ ವ್ಯವಸ್ಥೆಯಲ್ಲಿ ದಿನಾಂಕದ ಪಕ್ಕದಲ್ಲೇ ಇನ್ನೊಂದು ಪುಟ್ಟ ಕಲಂ ಇದೆ: ಇದು ದಾಖಲೆ ನೋಡಿ ಬರೆದದ್ದೋ, ಅವರು ಬಾಯಲ್ಲಿ ಹೇಳಿದ್ದೋ, ಅಂದಾಜೋ? ಡೇಟಾ ಆಡಳಿತದ ಇಡೀ ಜಾಣತನ ಆ ಪುಟ್ಟ ಕಲಂನಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದುಕೊಳ್ಳುವ ಜಾಗ ಅದು. ಹಳೆಯ ಎಷ್ಟೋ ಆಧಾರ್ ಕಾರ್ಡ್‌ಗಳಲ್ಲಿ ‘ಹುಟ್ಟಿದ ವರ್ಷ’ ಮಾತ್ರ ಇದೆ. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡ, 1988ರ ಐಎಸ್‌ಒ 8601 ಕೂಡ ಬರೀ ವರ್ಷ ಬರೆದು ಸುಮ್ಮನಾಗಲು ಅವಕಾಶ ಕೊಡುತ್ತದೆ.

ಕೆಡುವುದು ಮುಂದಿನ ಮೆಟ್ಟಿಲಲ್ಲಿ. ಇನ್ನೊಂದು ಇಲಾಖೆಯ ತಂತ್ರಾಂಶ ಪೂರ್ತಿ ದಿನಾಂಕವಿಲ್ಲದೆ ಅರ್ಜಿಯನ್ನೇ ಮುಂದಕ್ಕೆ ಬಿಡುವುದಿಲ್ಲ. ಆಪರೇಟರ್ ಜನವರಿ 1 ಎಂದು ತುಂಬುತ್ತಾರೆ. ಆ ಗಳಿಗೆಯಲ್ಲಿ ಅಂದಾಜು ಎಂಬುದು ಸತ್ಯಾಂಶವಾಗಿ ಬಡ್ತಿ ಪಡೆಯಿತು. 65 ತುಂಬಿದವರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅಜ್ಜಿ ಅರ್ಹರೋ ಅಲ್ಲವೋ ಎಂದು ತೀರ್ಮಾನಿಸುವುದು ಆಮೇಲೆ ಈ ಜನವರಿ 1ರ ಲೆಕ್ಕವೇ. ಅಂಕಿಯ ಜೊತೆಗೆ ಅದರ ಅನುಮಾನವೂ ಕಚೇರಿಯಿಂದ ಕಚೇರಿಗೆ ಸಾಗಬೇಕು. ಇದನ್ನು ಬರೆಯುವುದು ಸುಲಭ, ತಂತ್ರಾಂಶ ಬರೆಯುವವರಿಂದ ಮಾಡಿಸುವುದು ಬಲು ಕಷ್ಟ.

ಇಂಥ ನಿಯಮಗಳನ್ನು ಬರೆಯುವವರು ಯಾರು? ನಮ್ಮಲ್ಲಿ ಹಲವರು. ಪ್ರೆಷರ್ ಕುಕ್ಕರಿಗೂ ಹೆಲ್ಮೆಟ್ಟಿಗೂ ಐಎಸ್‌ಐ ಮುದ್ರೆ ಕೊಡುವ ಭಾರತೀಯ ಮಾನಕ ಬ್ಯೂರೋ ಡೇಟಾಗೂ ಮಾನದಂಡ ಬರೆಯುತ್ತದೆ ಎಂದರೆ ಹಲವರಿಗೆ ಅಚ್ಚರಿ. ಖಾಸಗಿತನದ ನಿರ್ವಹಣೆಗೆ ಐಎಸ್ 17428 ಇದೆ. ನಗರಗಳ ಡೇಟಾ ವಿನಿಮಯಕ್ಕೆ ಐಎಸ್ 18003 ಇದೆ. ಇದರ ಹಿಂದಿರುವ ಕೆಲಸಕ್ಕೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳೆದ ನಗರ ಡೇಟಾ ವಿನಿಮಯ ಕೇಂದ್ರಕ್ಕೂ ಹತ್ತಿರದ ನಂಟು. ಅಲ್ಲಿನ ತತ್ವ ಸರಳ. ಬಸ್ಸುಗಳ ಚಲನವಲನದ್ದೋ ಗಾಳಿಯ ಗುಣಮಟ್ಟದ್ದೋ ಡೇಟಾವನ್ನು ಒಂದೇ ಕಣಜಕ್ಕೆ ಸುರಿಯಬೇಕಿಲ್ಲ. ಏನೇನಿದೆ ಎಂಬ ಸೂಚಿಯೊಂದು ಇರುತ್ತದೆ, ಯಾರಿಗೆ ಏನು ಕೊಡಬೇಕೆಂದು ಮಾಲೀಕರು ನಿರ್ಧರಿಸುತ್ತಾರೆ, ಅನುಮತಿ ಪಡೆದವರು ಅಷ್ಟನ್ನು ಪಡೆಯುತ್ತಾರೆ.

ಇನ್ನು ಹೆಸರು. ಇಲ್ಲಿ ಕನ್ನಡಿಗರಿಗೆ ವಿಶೇಷ ಸಂಕಟವಿದೆ. ‘ಭೂಮಿ’ ತಂತ್ರಾಂಶದ ಪಹಣಿಯಲ್ಲಿ ಹೆಸರು ಕನ್ನಡದಲ್ಲಿರುತ್ತದೆ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ. ಎರಡು ಹೆಸರು ಒಬ್ಬರದೇ ಎಂದು ಕಂಪ್ಯೂಟರ್ ತೀರ್ಮಾನಿಸಲು ಸಾಮಾನ್ಯವಾಗಿ ಬಳಸುವ ಉಪಾಯವನ್ನು 1965ರಲ್ಲಿ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಕೊಟ್ಟರು: ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ಅಳಿಸಬೇಕು ಎಂದು ಎಣಿಸುವುದು. ಲಕ್ಷ್ಮಮ್ಮ ಎಂಬ ಹೆಸರನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ‘ಕ್ಷ’ ಬರೆಯಲು ಕೆಲವರು ಕೆ, ಎಸ್, ಎಚ್ ಎಂಬ ಮೂರು ಅಕ್ಷರ ಬಳಸುತ್ತಾರೆ, ಕೆಲವರು ಎಕ್ಸ್ ಒಂದನ್ನೇ. ಮೊದಲನೆಯ ರೂಪಕ್ಕೆ ಹತ್ತು ಅಕ್ಷರ; ಎರಡನೆಯದಾಗಿಸಲು ಮೂರು ಬದಲಾವಣೆ ಬೇಕು. ಹೋಲಿಕೆ ಶೇ 70. ಈಗ ರಾಮಣ್ಣ ಮತ್ತು ರಾಮಮ್ಮ. ಇಂಗ್ಲಿಷಿನಲ್ಲಿ ಏಳೇಳು ಅಕ್ಷರ, ಎರಡು ‘ಎನ್’ ಹೋಗಿ ಎರಡು ‘ಎಮ್’ ಬಂದರೆ ಮುಗಿಯಿತು. ಹೋಲಿಕೆ ಶೇ 71. ಅಂದರೆ ಒಬ್ಬಳೇ ಲಕ್ಷ್ಮಮ್ಮ ತನಗೆ ತಾನು ಹೋಲುವುದಕ್ಕಿಂತ ರಾಮಣ್ಣ ರಾಮಮ್ಮನನ್ನು ಹೆಚ್ಚು ಹೋಲುತ್ತಾನೆ! ಕನ್ನಡ ಲಿಪಿಯಲ್ಲೇ ಹೋಲಿಸಿದ್ದರೆ ಲಕ್ಷ್ಮಮ್ಮನ ಮಟ್ಟಿಗೆ ಈ ಸಮಸ್ಯೆಯೇ ಇರುತ್ತಿರಲಿಲ್ಲ.

ಹಾಗಿದ್ದರೆ ಎಲ್ಲವನ್ನೂ ಒಂದೇ ಅಚ್ಚಿಗೆ ತಂದು ಸಲೀಸಾಗಿ ಜೋಡಿಸಿಬಿಡೋಣವೇ? ಇಲ್ಲಿ ನಾನು ಹಿಂಜರಿಯುತ್ತೇನೆ. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಗಳನ್ನಿಟ್ಟುಕೊಂಡು, ಅಂಚೆ ಸಂಖ್ಯೆ, ಜನ್ಮದಿನಾಂಕ, ಲಿಂಗ ಈ ಮೂರೇ ಸಾಕು, ಅಲ್ಲಿನ ಶೇ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಅಂದಾಜಿಸಿದ್ದರು. ಹೆಸರೇ ಬೇಡ. ಮಾನದಂಡ ಗಟ್ಟಿಯಾದಷ್ಟೂ ಜೋಡಣೆ ಸುಲಭ. ಜೋಡಣೆ ಸುಲಭವಾದಷ್ಟೂ ಬದುಕು ಬಯಲು. ಅಳತೆಯ ನಿಯಮ ಬರೆಯುವ ಕೋಣೆಯಲ್ಲೇ ‘ಯಾವುದನ್ನು ಯಾವುದಕ್ಕೆ ಜೋಡಿಸಕೂಡದು’ ಎಂಬ ನಿಯಮವನ್ನೂ ಬರೆಯಬೇಕು ಎನ್ನುವುದು ಅದಕ್ಕೇ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದೂ ಆಧಾರ್ ಯೋಜನೆಯನ್ನೇ.

ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಅವುಗಳ ಎರಡನೇ ಅನುಸೂಚಿಯನ್ನು ಹೆಚ್ಚು ಜನ ಓದಿರಲಾರರು. ಸರ್ಕಾರ ಸಬ್ಸಿಡಿ, ಸವಲತ್ತು ಕೊಡಲು ಜನರ ಡೇಟಾ ಬಳಸುವಾಗ ಪಾಲಿಸಬೇಕಾದ ಮಾನದಂಡಗಳು ಅಲ್ಲಿವೆ. ಬೇಕಾದಷ್ಟೇ ಡೇಟಾ ಬಳಸಬೇಕು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು, ಅದು ಪೂರ್ಣವೂ ನಿಖರವೂ ಸುಸಂಗತವೂ ಆಗಿರುವಂತೆ ‘ಸಮಂಜಸ ಪ್ರಯತ್ನ’ ಮಾಡಬೇಕು. ಒಳ್ಳೆಯ ಮಾತು. ಆದರೆ ಸಮಂಜಸ ಎಂದರೆ ಎಷ್ಟು? ಹೆಸರಿನ ಹೋಲಿಕೆ ಶೇ 80 ಮುಟ್ಟದಿದ್ದರೆ ಅರ್ಜಿ ವಜಾ ಎಂದು ತಂತ್ರಾಂಶದಲ್ಲಿ ಬರೆದರೆ ಲಕ್ಷ್ಮಮ್ಮ ಹೊರಗೆ. ಶೇ 70ಕ್ಕೆ ಇಳಿಸಿದರೆ ಅವರೂ ಒಳಗೆ, ರಾಮಮ್ಮನ ದುಡ್ಡು ರಾಮಣ್ಣನ ಖಾತೆಗೆ ಹೋಗುವ ದಾರಿಯೂ ತೆರೆಯಿತು. ಆ ಸಂಖ್ಯೆಯನ್ನು ಕಾಯ್ದೆ ಹೇಳುವುದಿಲ್ಲ, ನಿಯಮಗಳೂ ಹೇಳುವುದಿಲ್ಲ. ಯಾವುದೋ ಟೆಂಡರ್ ಗೆದ್ದ ಕಂಪನಿಯ ಎಂಜಿನಿಯರ್ ಒಬ್ಬರು ಯಾರನ್ನೂ ಕೇಳದೆ ಅದನ್ನು ಟೈಪ್ ಮಾಡಬಹುದು. ಇಲ್ಲವೇ ಆ ಸಂಖ್ಯೆಯೂ ಒಂದು ಕರಡಿನಲ್ಲಿ ಅಚ್ಚಾಗಿ, ಮಾನಕ ಬ್ಯೂರೋ ತನ್ನ ಕರಡುಗಳಿಗೆ ಸಾಮಾನ್ಯವಾಗಿ ಮಾಡುವಂತೆ, ಸಾರ್ವಜನಿಕರ ಆಕ್ಷೇಪಣೆಗೆ ಬರಬಹುದು.